ಹಳೇ ಡೆಸ್ಕ್‌ಟಾಪ್‌ಗೆ ಹಗುರವಾದ ಆಂಟಿವೈರಸ್ ಯಾವುದು? ಫೈರ್‌ವಾಲ್ ಬೇರೆ ಹಾಕಿಸಬೇಕಾ?

ನಿಟ್ಟುವಳ್ಳಿ ಲೆಕ್ಕದಕ್ಕ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಟ್ಟುವಳ್ಳಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲೇ ಕೂತು ಕೆಲವು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನವರು ಕೇಳುವ ಸ್ಟಾಕ್ ಸ್ಟೇಟ್‌ಮೆಂಟ್, ಇಷ್ಟು ಕೆಲಸ. ಮೆಕ್ಕೆಜೋಳದ ದಲಾಲರಿದ್ದಾರೆ, ಬಟ್ಟೆ ಅಂಗಡಿಯವರಿದ್ದಾರೆ, ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಜೊತೆಗೆ ನಮ್ಮ ಬೀದಿಯ ಮಹಿಳಾ ಸಂಘದ ಪತ್ರಗಳನ್ನು ನುಡಿಯಲ್ಲಿ ಟೈಪ್ ಮಾಡಿಕೊಡುವುದೂ ನನ್ನ ತಲೆಗೇ ಬಂದಿದೆ.

ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್. ಐ3 ನಾಲ್ಕನೇ ಜನರೇಶನ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಮಾರಿದ ಅಂಗಡಿಯವರೇ ವಿಂಡೋಸ್ ಹಾಕಿ, ಒಂದು ಪೇಯ್ಡ್ ಆಂಟಿವೈರಸ್ಸೂ ಹಾಕಿ ಕೊಟ್ಟಿದ್ದರು. ಅದರ ವರ್ಷ ಮುಗಿಯಿತು. ರಜೆಗೆ ಬಂದ ಮಗ ಇನ್ನೊಂದು ಫ್ರೀದು ಹಾಕಿ ಹಾಸ್ಟೆಲಿಗೆ ಹೊರಟುಹೋದ. ಈಗ ಗಡಿಯಾರದ ಪಕ್ಕ ಎರಡರ ಐಕಾನೂ ಇದೆ. ಯಾವುದು ಕೆಲಸ ಮಾಡ್ತಿದೆ, ಯಾವುದು ಸುಮ್ನೆ ಕೂತಿದೆ, ನನಗಂತೂ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಸ್ವಿಚ್ ಹಾಕಿ, ಕುಕ್ಕರ್ ಇಟ್ಟು, ಅದು ಕೂಗಿದ ಮೇಲೆ ಬಂದು ನೋಡಿದರೂ ಟ್ಯಾಲಿ ತೆರೆದಿರುವುದಿಲ್ಲ. ಒಳಗೆ ಗರಗರ ಸದ್ದು ಮಾತ್ರ ಕೇಳುತ್ತದೆ. 20ನೇ ತಾರೀಖು ಹತ್ತಿರ ಬಂತು ಅಂದರೆ ನನಗೆ ಬಿಪಿ ಏರುತ್ತದೆ, ಜಿಎಸ್‌ಟಿಯ 3ಬಿ ರಿಟರ್ನ್ ಹಾಕಬೇಕಲ್ಲ.

ಇನ್ನೊಂದು ಕಾಟ ಏನೆಂದರೆ, ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ ಆಗಾಗ ಒಂದು ಚೌಕ ಬರುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಸಿಕ್ಕಿದೆ, ಇವತ್ತೇ ರಿನ್ಯೂ ಮಾಡಿ ಅಂತ. ನಾನು ಹಾಕಿಸಿಕೊಂಡೇ ಇಲ್ಲದ ಕಂಪನಿಯ ಹೆಸರಲ್ಲೂ ಬರುತ್ತದೆ!

ಗಿರಾಕಿಗಳು ಪೆನ್‌ಡ್ರೈವ್ ತರುತ್ತಾರೆ. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಎಲ್ಲೆಲ್ಲಿ ಚುಚ್ಚಿರುತ್ತಾರೋ ದೇವರಿಗೇ ಗೊತ್ತು. ಮೊನ್ನೆ ಒಬ್ಬರ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡವು. ಮುಟ್ಟದೆ ವಾಪಸ್ ಕೊಟ್ಟೆ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಅಂಗಡಿಯವರನ್ನು ಕೇಳಿದರೆ ಮೂರು ವರ್ಷದ ಟೋಟಲ್ ಸೆಕ್ಯುರಿಟಿ ತಗೊಳ್ಳಿ ಮೇಡಂ, ಫೈರ್‌ವಾಲ್ (ನೆಟ್ ಮೂಲಕ ಹೊರಗಿನವರು ನುಗ್ಗುವುದನ್ನು ತಡೆಯುವ ಕಾವಲು) ಅದರಲ್ಲೇ ಇದೆ ಅನ್ನುತ್ತಾರೆ. ದುಡ್ಡು ಕೊಡೋಕೆ ತಯಾರಿದ್ದೇನೆ. ಆದರೆ ಮಷಿನ್ ಇನ್ನೂ ಮೆತ್ತಗಾದರೆ ಕೊಟ್ಟ ದುಡ್ಡು ದಂಡ ಅಲ್ವಾ? ಇದೇ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಕೂಡ ಮಾಡುತ್ತೇನೆ. ಹಗುರವಾಗಿಯೂ ಇರಬೇಕು, ಕಾಯಲೂಬೇಕು. ಅಂಥದ್ದು ಯಾವುದು? ಫೈರ್‌ವಾಲ್ ಬೇರೆ ಬೇಕಾ?

ಎಂಸಿಸಿ ಬಿ ಬ್ಲಾಕ್ ಹುಡುಗ:

ಅಕ್ಕ, ಎರಡನ್ನೂ ಕಿತ್ತು ಹಾಕಿ. ವಿಂಡೋಸ್ ಜೊತೆಗೆ ಬರುವ ಡಿಫೆಂಡರ್ ಸಾಕು. ಬೇರೆ ಆಂಟಿವೈರಸ್ ಇದ್ದರೆ ಅದು ತಾನೇ ಪಕ್ಕಕ್ಕೆ ಸರಿಯುತ್ತದೆ, ಬೇರೆಯದನ್ನು ತೆಗೆದರೆ ತಾನೇ ಎದ್ದು ಕೂರುತ್ತದೆ. ವಿಂಡೋಸ್ 8ರಿಂದ, ಅಂದರೆ 2012ರಿಂದಲೂ ಅದು ಪೂರ್ತಿ ಆಂಟಿವೈರಸ್ಸೇ.

ಎದ್ದಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಐಕಾರ್ ಟೆಸ್ಟ್ ಫೈಲ್ ಅಂತ ಹುಡುಕಿ. ಬರೀ 68 ಅಕ್ಷರದ ಒಂದು ಸಾಲು ಅದು. ಯಾರಿಗೂ ಏನೂ ಮಾಡುವುದಿಲ್ಲ, ಆದರೆ ಎಲ್ಲ ಆಂಟಿವೈರಸ್ಸೂ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅಂತ ಒಪ್ಪಂದ. ಡೌನ್‌ಲೋಡ್ ಮಾಡಿದ ಕೂಡಲೇ ಹಿಡಿದರೆ ಎಚ್ಚರವಿದೆ ಅಂತ ಅರ್ಥ.

ಧೈರ್ಯ ಇದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಈ ತಲೆನೋವೇ ಇರುವುದಿಲ್ಲ.

ಹರಿಹರದ ಲ್ಯಾಬ್ ಮೇಷ್ಟ್ರು:

ತಮ್ಮಾ, ಲಿನಕ್ಸ್ ಹಾಕಿದ ಮೇಲೆ ಅವರು ಟ್ಯಾಲಿ ಎಲ್ಲಿ ಓಡಿಸಬೇಕು? ಟ್ಯಾಲಿ ನೇರವಾಗಿ ಓಡುವುದು ವಿಂಡೋಸ್ ಮೇಲೆ. ಹೇಳೋದು ಸುಲಭ.

ಡಿಫೆಂಡರ್ ವಿಷಯದಲ್ಲೂ ನನ್ನದು ಸ್ವಲ್ಪ ತಕರಾರಿದೆ. ಕೆಟ್ಟದ್ದು ಅನ್ನುತ್ತಿಲ್ಲ. ಹಿಡಿಯುವುದರಲ್ಲಿ ಈಗ ಚೆನ್ನಾಗಿಯೇ ಇದೆ. ಆದರೆ ಹಗುರ ಅಂತ ಕೇಳಿದರೆ ಅದು ಮೊದಲನೇ ಹೆಸರಲ್ಲ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್, ಜರ್ಮನಿಯ ಎವಿ-ಟೆಸ್ಟ್ ಅಂತ ಎರಡು ಸಂಸ್ಥೆಗಳಿವೆ. ಫೈಲ್ ಕಾಪಿ ಮಾಡುವಾಗ, ಪ್ರೋಗ್ರಾಂ ತೆರೆಯುವಾಗ ಯಾವ ಆಂಟಿವೈರಸ್ ಎಷ್ಟು ನಿಧಾನ ಮಾಡುತ್ತದೆ ಅಂತ ಅಳೆದು ಆಗಾಗ ಪಟ್ಟಿ ಹಾಕುತ್ತಾರೆ. ಅದನ್ನು ಬಿಟ್ಟಿಯಾಗಿ ನೋಡಬಹುದು. ಚೆನ್ನೈನ ಕೆ7, ಸ್ಲೊವಾಕಿಯಾದ ಇಸೆಟ್, ಇವಕ್ಕೆ ಹಗುರ ಅಂತ ಮೊದಲಿನಿಂದಲೂ ಹೆಸರಿದೆ. ಪುಣೆಯ ಕ್ವಿಕ್ ಹೀಲ್ ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಪೆನ್‌ಡ್ರೈವ್ ಹಾಕಿದ ತಕ್ಷಣ ಸ್ಕ್ಯಾನ್ ಮಾಡಲಾ ಅಂತ ಕೇಳುತ್ತದೆ. ಇಡೀ ದಿನ ಬೇರೆಯವರ ಪೆನ್‌ಡ್ರೈವ್ ಹಾಕುವವರಿಗೆ ಅದು ಬೇಕಾದ ಗುಣ. ಡಿಫೆಂಡರ್ ಹಾಗೆ ತಾನಾಗಿ ಕೇಳುವುದಿಲ್ಲ.

ಒಂದು ಉಚಿತ ವಿಷಯವೂ ಇದೆ. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಶುರು ಮಾಡಿತು. ಅದರ ವೆಬ್‌ಸೈಟಿನಲ್ಲಿ ಬಾಟ್ (ದೂರದಿಂದ ಕಂಪ್ಯೂಟರನ್ನು ಕುಣಿಸುವ ವೈರಸ್) ತೆಗೆಯುವ ಸಣ್ಣ ಟೂಲ್‌ಗಳು ಸಿಗುತ್ತವೆ. ಒಮ್ಮೆ ಓಡಿಸಿ ನೋಡಿ ಮೇಡಂ. ಕಾಯುವುದಕ್ಕಲ್ಲ, ಈಗಾಗಲೇ ಏನಾದರೂ ಸೇರಿಕೊಂಡಿದೆಯಾ ಅಂತ ನೋಡುವುದಕ್ಕೆ.

ದುರ್ಗದ ಸರ್ವೀಸ್ ಅಣ್ಣ:

ಅಕ್ಕಾರೇ, ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಆಂಟಿವೈರಸ್ ಮಾರಿದರೆ ನನಗೂ ಕಮಿಷನ್ ಸಿಗುತ್ತದೆ. ಆದರೂ ಹೇಳ್ತೀನಿ, ಆ ಮೂರು ವರ್ಷದ ದುಡ್ಡನ್ನು ಈಗಲೇ ಯಾರ ಕೈಗೂ ಕೊಡಬೇಡಿ.

ನೀವು ಯಾವುದು ಹಗುರ ಅಂತ ಕೇಳುತ್ತಿದ್ದೀರಿ. ನಿಮ್ಮ ಮಷಿನ್ನಿಗೆ ಆ ಪ್ರಶ್ನೆ ಎರಡನೆಯದು. ಎಷ್ಟು ಓಡುತ್ತಿವೆ, ಎಂಥ ಡಿಸ್ಕ್ ಮೇಲೆ ಓಡುತ್ತಿವೆ, ಅದು ಮೊದಲನೆಯದು.

ಆಂಟಿವೈರಸ್ ಏನು ಮಾಡುತ್ತದೆ? ನೀವು ಒಂದು ಫೈಲ್ ತೆರೆದರೆ, ನೀವು ನೋಡುವ ಮೊದಲು ತಾನು ಓದುತ್ತದೆ. ಟ್ಯಾಲಿ ತೆರೆಯುವಾಗ ಒಂದು ಫೈಲಲ್ಲ, ರಾಶಿ ಫೈಲ್ ತೆರೆಯುತ್ತದೆ. ಎರಡು ಆಂಟಿವೈರಸ್ ಇದ್ದರೆ ಎರಡೂ ಓದುತ್ತವೆ, ಒಂದು ಓದಿದ್ದನ್ನು ಇನ್ನೊಂದು ಅನುಮಾನದಿಂದ ಮತ್ತೆ ಓದುತ್ತದೆ. ಇನ್ನು ನಿಮ್ಮ ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗುತ್ತದೆ, ಮುಳ್ಳು ಓಡಾಡುತ್ತದೆ, ನೀವು ಕೇಳಿದ ಗರಗರ ಅದೇ. ಹೀಗೆ ಅಲ್ಲಲ್ಲಿ ಚದುರಿದ ಫೈಲುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸು ಸಲ ಹುಡುಕಿ ಕೊಡಬಲ್ಲದು, ಅಷ್ಟೇ ಅದರ ತಾಕತ್ತು. ಎಸ್‌ಎಸ್‌ಡಿ ಅನ್ನುವ, ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್ ಇದೇ ಕೆಲಸವನ್ನು ಸಾವಿರಗಟ್ಟಲೆ ಸಲ ಮಾಡುತ್ತದೆ. ಈಗ ಒಂದೇ ಹಂಚಿನ ಮೇಲೆ ಮೂವರು ಬೆಣ್ಣೆ ದೋಸೆ ಹುಯ್ಯಲು ನಿಂತ ಹಾಗಾಗಿದೆ ನಿಮ್ಮ ಡಿಸ್ಕ್ ಸ್ಥಿತಿ. ಭಟ್ಟರನ್ನು ಬದಲಾಯಿಸಿದರೆ ಏನು ಬಂತು?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಬೆಳಿಗ್ಗೆ ಮಷಿನ್ ಒದ್ದಾಡುವಾಗ ನೋಡಿ. ಡಿಸ್ಕ್ ಅನ್ನುವ ಕಾಲಂ 100 ಪರ್ಸೆಂಟ್ ತೋರಿಸಿ, ಸಿಪಿಯು 20-30ರಲ್ಲೇ ಇದ್ದರೆ ರೋಗ ಡಿಸ್ಕ್‌ನದ್ದು. ನಾಲ್ಕನೇ ಜನರೇಶನ್ ಐ3 ಟ್ಯಾಲಿಗೆ ಧಾರಾಳ ಸಾಕು ಕಣ್ರೀ.

ಆ ಕೆಳಮೂಲೆಯ ಚೌಕದ ವಿಷಯ. ಬಹುಪಾಲು ಅದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ವೆಬ್‌ಸೈಟ್ ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ ಯಾರೋ ಅಲೋ ಒತ್ತಿದ್ದಾರೆ. ಸಿನಿಮಾ ಡೌನ್‌ಲೋಡ್ ಸೈಟುಗಳಲ್ಲಿ ಇದು ಮಾಮೂಲು. ಚೌಕವನ್ನು ಹತ್ತಿರದಿಂದ ನೋಡಿ, ಸಣ್ಣ ಅಕ್ಷರದಲ್ಲಿ ಕ್ರೋಮ್ ಅಂತಲೋ ಯಾವುದೋ ವಿಚಿತ್ರ ಸೈಟಿನ ಹೆಸರೋ ಇರುತ್ತದೆ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅಲೋ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಚೌಕ ನಿಲ್ಲುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ದುಡ್ಡು ಮಾತ್ರ ಕಟ್ಟಬೇಡಿ. ಅದರಲ್ಲಿ ಬರುವ ನಂಬರಿಗೆ ಫೋನ್ ಮಾಡಿದರೆ ರಿಮೋಟ್ ಆಪ್ ಹಾಕಿಸಿ ನಿಮ್ಮ ಬ್ಯಾಂಕ್ ಸ್ಕ್ರೀನ್ ನೋಡಿಕೊಂಡು ಕೂರುತ್ತಾರೆ. ಅಂಥದ್ದು ಯಾರಿಗಾದರೂ ಆಗಿಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆ ಇರುವ ನಂಬರ್ ಅದು.

ಈಗ ಮುಖ್ಯವಾದದ್ದು. ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಆಂಟಿವೈರಸ್ ಅಲ್ಲ, ಅಂಗಡಿಯವರೇ ವಿಂಡೋಸ್ ಹಾಕಿಕೊಟ್ಟರು ಅನ್ನುವ ಮಾತು. ಎರಡು ಕಡೆ ನೋಡಿ ಹೇಳಿ.

ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ಆಕ್ಟಿವೇಶನ್. ಅಲ್ಲಿ ಡಿಜಿಟಲ್ ಲೈಸೆನ್ಸ್ ಅಂತ ಇದ್ದರೆ ಒಳ್ಳೆಯದು. ನಿಮ್ಮ ಆರ್ಗನೈಸೇಶನ್‌ನ ಆಕ್ಟಿವೇಶನ್ ಸರ್ವೀಸ್ ಮೂಲಕ ಆಕ್ಟಿವೇಟ್ ಆಗಿದೆ ಅಂತ ಇದ್ದರೆ, ನಿಟ್ಟುವಳ್ಳಿ ಮನೆಯಲ್ಲಿ ಯಾವ ಆರ್ಗನೈಸೇಶನ್ ಇದೆ ಹೇಳಿ? ಅದು ಕೆಎಂಎಸ್. ದೊಡ್ಡ ಕಂಪನಿಗಳಿಗೆ ಅಂತ ಮೈಕ್ರೋಸಾಫ್ಟ್ ಮಾಡಿದ ವ್ಯವಸ್ಥೆ, 180 ದಿನಕ್ಕೆ ಮುಗಿಯುತ್ತದೆ. ಲೈಸೆನ್ಸ್ ಇಲ್ಲದೆ ಓಡಿಸಲು ಕ್ರ್ಯಾಕ್ ಹಾಕುವವರು ಕಂಪ್ಯೂಟರ್ ಒಳಗೇ ಒಂದು ನಕಲಿ ಸರ್ವರ್ ಕೂರಿಸಿ ಅದು ತಾನಾಗಿ ರಿನ್ಯೂ ಆಗುವಂತೆ ಮಾಡುತ್ತಾರೆ.

ಎರಡನೆಯದು, ಫ್ರೀ ಆಂಟಿವೈರಸ್, ಅವಧಿ ಮುಗಿದ ಆಂಟಿವೈರಸ್ ಎರಡನ್ನೂ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗಡೆ ಎಕ್ಸ್‌ಕ್ಲೂಷನ್ಸ್. ಇಲ್ಲಿರುವ ಜಾಗಗಳನ್ನು ಡಿಫೆಂಡರ್ ನೋಡುವುದೇ ಇಲ್ಲ. ಡಿಫೆಂಡರ್ ಈ ಕ್ರ್ಯಾಕುಗಳನ್ನು ಹ್ಯಾಕ್‌ಟೂಲ್ ಅಂತ ಹಿಡಿದು ಬಿಸಾಕುತ್ತದೆ. ಹಾಗಾಗಬಾರದು ಅಂತ ಕೆಲವರು ಸಿ ಡ್ರೈವನ್ನೇ ಈ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಅಂಥ ಮಷಿನ್‌ನಲ್ಲಿ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಾ ಇರುತ್ತದೆ, ಒಳಗೆ ಏನು ಬೇಕಾದರೂ ಆಗಬಹುದು.

ಒಂದು ಮಾತು. 20ನೇ ತಾರೀಖು ಕಳೆಯುವವರೆಗೆ ಏನನ್ನೂ ತೆಗೆಯಲು ಹೋಗಬೇಡಿ. ಟ್ಯಾಲಿ ಡೇಟಾ ಬ್ಯಾಕಪ್ ಬೇರೆ ಕಡೆ ಇಟ್ಟ ಮೇಲೆಯೇ ಶುರು ಮಾಡಿ.

ಎಂಸಿಸಿ ಬಿ ಬ್ಲಾಕ್ ಹುಡುಗ:

ಎಕ್ಸ್‌ಕ್ಲೂಷನ್ ವಿಷಯ ನನಗೆ ಹೊಳೆದೇ ಇರಲಿಲ್ಲ ಅಣ್ಣ. ಹಾಗಿದ್ದರೆ ಐಕಾರ್ ಟೆಸ್ಟ್ ಮಾಡಿದರೂ ಗೊತ್ತಾಗುತ್ತದಲ್ಲ, ಸಿ ಡ್ರೈವ್‌ನಲ್ಲಿ ಇಟ್ಟರೆ ಹಿಡಿಯಲ್ಲ.

ನಿಟ್ಟುವಳ್ಳಿ ಲೆಕ್ಕದಕ್ಕ:

3ಬಿ ಹಾಕಿ ಮುಗಿಸಿ, ಬ್ಯಾಕಪ್ ತೆಗೆದು ಕೂತೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಇಂದ ಇಳಿಯಲೇ ಇಲ್ಲ. ಸಿಪಿಯು ಅಷ್ಟಕ್ಕಷ್ಟೇ. ಮೂಲೆಯ ಚೌಕ ಬರುತ್ತಿದ್ದದ್ದು ಕ್ರೋಮ್‌ನಿಂದಲೇ. ನೋಟಿಫಿಕೇಶನ್ ಪಟ್ಟಿಯಲ್ಲಿ ಬಾಯಿಗೆ ಬಾರದಂಥ ಹೆಸರಿನ ಸೈಟುಗಳು ಸಾಲಾಗಿ ಇದ್ದವು. ಒಂದಂತೂ ಕ್ರಿಕೆಟ್ ಲೈವ್ ಅಂತ. ಮಗನಿಗೆ ಫೋನ್ ಮಾಡಿ ಸರಿಯಾಗಿ ಬೈದೆ. ಎಲ್ಲ ತೆಗೆದೆ, ಚೌಕ ನಿಂತಿದೆ.

ಆಕ್ಟಿವೇಶನ್ ಪುಟದಲ್ಲಿ ನೀವು ಹೇಳಿದ ಹಾಗೆ ಆರ್ಗನೈಸೇಶನ್ ಅಂತಲೇ ಇದೆ. ಫ್ರೀ ಆಂಟಿವೈರಸ್ ಸಲೀಸಾಗಿ ಹೋಯಿತು. ಹಳೇ ಪೇಯ್ಡ್‌ದು ಹೋಗಲಿಲ್ಲ. ಅದೇ ಕಂಪನಿಯ ಸೈಟಿನಲ್ಲಿ ತೆಗೆಯುವ ಟೂಲ್ ಇತ್ತು, ಅದರಿಂದ ತೆಗೆದೆ. ರೀಸ್ಟಾರ್ಟ್ ಆದ ಮೇಲೆ ಎಕ್ಸ್‌ಕ್ಲೂಷನ್ಸ್ ನೋಡಿದರೆ ಸಿ ಅಂತ ಒಂದೇ ಒಂದು ಅಕ್ಷರ, ಪಕ್ಕದಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ. ಕೆಳಗೆ ಫೋಲ್ಡರ್ ಅಂತ ಬರೆದಿದೆ. ಇಡೀ ಡ್ರೈವ್ ಅಂತ ತಾನೇ ಇದರ ಅರ್ಥ?

ನನಗೆ ಈಗ ಕೈಕಾಲು ಆಡುತ್ತಿಲ್ಲ. ಗಿರಾಕಿಗಳ ಜಿಎಸ್‌ಟಿ ಪಾಸ್‌ವರ್ಡ್ ಎಲ್ಲಾ ಕ್ರೋಮ್‌ನಲ್ಲೇ ಸೇವ್ ಇವೆ.

ದುರ್ಗದ ಸರ್ವೀಸ್ ಅಣ್ಣ:

ಹೌದು, ಇಡೀ ಸಿ ಡ್ರೈವ್. ಗಾಬರಿ ಬೇಡ, ಏನೋ ಆಗಿಬಿಟ್ಟಿದೆ ಅಂತ ಅರ್ಥ ಅಲ್ಲ. ಆದರೆ ಆಗಿಲ್ಲ ಅಂತ ಹೇಳೋಕೂ ಯಾವ ದಾರಿಯೂ ಇಲ್ಲ. ಆದ್ದರಿಂದ ನಾನು ಈ ವಿಂಡೋಸನ್ನು ತೊಳೆದು ಸರಿ ಮಾಡುವುದಕ್ಕೆ ಕೂರುವುದಿಲ್ಲ. ಆ ಸಾಲನ್ನು ಪಟ್ಟಿಯಿಂದ ಈಗಲೇ ತೆಗೆಯಿರಿ, ಅಷ್ಟು ಸಾಕು. ಉಳಿದದ್ದು ಹೊಸದಾಗಿ.

ಮೊದಲು ಪಾಸ್‌ವರ್ಡ್‌ಗಳು. ಈ ಕಂಪ್ಯೂಟರಿನಲ್ಲಿ ಬದಲಾಯಿಸಬೇಡಿ. ನಿಮ್ಮ ಫೋನಿನಿಂದ ಇಮೇಲ್, ನೆಟ್ ಬ್ಯಾಂಕಿಂಗ್, ಆಮೇಲೆ ಜಿಎಸ್‌ಟಿ ಲಾಗಿನ್‌ಗಳು, ಇದೇ ವರಸೆಯಲ್ಲಿ ಬದಲಾಯಿಸಿ. ಇಮೇಲ್ ಯಾಕೆ ಮೊದಲು ಅಂದರೆ, ಅದು ಇನ್ನೊಬ್ಬರ ಕೈಯಲ್ಲಿದ್ದರೆ ಉಳಿದವನ್ನು ನೀವು ಎಷ್ಟು ಬದಲಾಯಿಸಿದರೂ ಅವರು ವಾಪಸ್ ತಿರುಗಿಸುತ್ತಾರೆ.

ಆಮೇಲೆ ಒಂದು 256 ಜಿಬಿ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಆಂಟಿವೈರಸ್ಸಿಗೆ ಇಟ್ಟಿದ್ದ ದುಡ್ಡು ಅಲ್ಲಿಗೆ ಹೋಗಲಿ. 4 ಜಿಬಿ ರ‍್ಯಾಮ್ ಜೊತೆ ಇನ್ನೊಂದು 4 ಜಿಬಿ ಡಿಡಿಆರ್3 ಸೇರಿಸಲು ಆದರೆ ಇನ್ನೂ ಒಳ್ಳೆಯದು, ಹಳೆಯದೇ ಸಿಗುತ್ತದೆ. ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿಕೊಂಡ ವಿಂಡೋಸನ್ನು ಎಸ್‌ಎಸ್‌ಡಿಗೆ ಹಾಕಿಸಿ, ಲೈಸೆನ್ಸ್ ಬಿಲ್ ಸಮೇತ ಕೊಳ್ಳಿ. ಇಲ್ಲಿ ಉಳಿಸಲು ಹೋಗಬೇಡಿ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮ ಪ್ರೊಸೆಸರ್‌ಗೆ 11 ಹಾಕಲು ಮೈಕ್ರೋಸಾಫ್ಟ್ ಒಪ್ಪುವುದಿಲ್ಲ, ಇಂಟೆಲ್‌ನಲ್ಲಿ ಅವರ ಪಟ್ಟಿ ಬಹುಪಾಲು ಎಂಟನೇ ಜನರೇಶನ್‌ನಿಂದ ಶುರು. ಆದರೆ ಇಎಸ್‌ಯು ಅಂತ ಒಂದಿದೆ, ಮಾಮೂಲಿ ಅಪ್‌ಡೇಟ್ ನಿಂತ ಮೇಲೂ ಭದ್ರತೆಯ ಅಪ್‌ಡೇಟ್ ಮಾತ್ರ ಕೊಡುವ ಯೋಜನೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಬಟನ್ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಬರುತ್ತವೆ. ಡಿಫೆಂಡರ್‌ನ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೂ ಕೊಡುತ್ತೇವೆ ಅಂದಿದ್ದಾರೆ. ಇವೆರಡೂ ಬೇರೆ ಬೇರೆ, ಕಲಸಿಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಬಂದಾಗ ಅದು ನುಗ್ಗಿದ್ದ ತೂತಿಗೆ ಮಾರ್ಚಿನಲ್ಲೇ ಅಪ್‌ಡೇಟ್ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ತೂತು ಮುಚ್ಚುವುದು ವಿಂಡೋಸ್ ಅಪ್‌ಡೇಟ್. ವೈರಸ್ ಪಟ್ಟಿ ಅದನ್ನು ಮುಚ್ಚುವುದಿಲ್ಲ. ಮುಂದಿನ ಮಷಿನ್‌ಗೆ ಈಗಿಂದಲೇ ಸ್ವಲ್ಪ ಎತ್ತಿಡಿ.

ಇಷ್ಟಾದ ಮೇಲೆ ನಿಮ್ಮ ಮೊದಲ ಪ್ರಶ್ನೆ. ಎಸ್‌ಎಸ್‌ಡಿ ಮೇಲೆ ಡಿಫೆಂಡರ್ ಭಾರ ಅನಿಸಿದರೆ ನನಗೆ ಹೇಳಿ, ಆಗ ಹರಿಹರದ ಮೇಷ್ಟ್ರು ಹೇಳಿದ ಕೆ7 ಇಲ್ಲವೇ ಇಸೆಟ್ ನೋಡೋಣ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ತಗೊಂಡರೆ ಬರೀ ಆಂಟಿವೈರಸ್ ತಗೊಳ್ಳಿ, ಟೋಟಲ್ ಸೆಕ್ಯುರಿಟಿ ಬೇಡ. ಟ್ಯೂನ್ ಅಪ್, ಪಾಸ್‌ವರ್ಡ್ ಮ್ಯಾನೇಜರ್, ಮಕ್ಕಳ ಕಂಟ್ರೋಲ್ ಅಂತ ಸೇರಿಸಿರುತ್ತಾರೆ. 4 ಜಿಬಿ ಮಷಿನ್‌ಗೆ ಅದೆಲ್ಲ ಯಾಕೆ?

ಪೆನ್‌ಡ್ರೈವ್‌ಗೆ ಡಿಫೆಂಡರ್ ಕೇಳುವುದಿಲ್ಲ ಅನ್ನುವುದೂ ನಿಜ. ಫುಲ್ ಸ್ಕ್ಯಾನ್‌ನಲ್ಲೂ ಅದು ಪೆನ್‌ಡ್ರೈವ್ ಮುಟ್ಟುವುದಿಲ್ಲ, ಹಾಗೆಯೇ ಸೆಟ್ ಮಾಡಿರುತ್ತಾರೆ. ಫೈಲ್ ತೆರೆಯುವಾಗ ಮಾತ್ರ ನೋಡುತ್ತದೆ. ಹಾಗಾಗಿ ಹಾಕಿದ ತಕ್ಷಣ ಡ್ರೈವ್ ಮೇಲೆ ರೈಟ್ ಕ್ಲಿಕ್, ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್. ಅಭ್ಯಾಸ ಆಗುತ್ತದೆ. ಶಾರ್ಟ್‌ಕಟ್ ಆದ ಫೋಲ್ಡರ್‌ಗಳು ನಿಜಕ್ಕೂ ಹೋಗಿರುವುದಿಲ್ಲ, ಬಚ್ಚಿಟ್ಟಿರುತ್ತವೆ. ಶಾರ್ಟ್‌ಕಟ್ ಒತ್ತಿದರೆ ವೈರಸ್ ಓಡಿ, ಅನುಮಾನ ಬರದ ಹಾಗೆ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ನೀವು ಮುಟ್ಟದೆ ವಾಪಸ್ ಕೊಟ್ಟದ್ದು ಸರಿ. ಇನ್ನು ಮುಂದೆ ಅಂಥದ್ದು ಬಂದರೆ ಸ್ಕ್ಯಾನ್ ಮಾಡಿ, ಫೋಲ್ಡರ್ ಆಪ್ಷನ್ಸ್‌ನ ವ್ಯೂನಲ್ಲಿ ಹಿಡನ್ ಫೈಲ್ ತೋರಿಸು ಅನ್ನಿ, ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ ಬಚ್ಚಿಡು ಅನ್ನುವ ಟಿಕ್ ತೆಗೆಯಿರಿ. ನಿಜವಾದ ಫೋಲ್ಡರ್ ಮಸುಕಾಗಿ ಕಾಣುತ್ತದೆ. ಅದರೊಳಗಿನ ಎಕ್ಸೆಲ್ ಮಾತ್ರ ಕಾಪಿ ಮಾಡಿಕೊಳ್ಳಿ.

ಚಳ್ಳಕೆರೆ ಡಿಟಿಪಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಫೈರ್‌ವಾಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ವಿಂಡೋಸ್ ಎಕ್ಸ್‌ಪಿ ಕಾಲದವನು, ಜೋನ್‌ಅಲಾರ್ಮ್ ಅನ್ನುವ ಫೈರ್‌ವಾಲ್ ಇಲ್ಲದೆ ಇಂಟರ್ನೆಟ್ ಮುಟ್ಟುತ್ತಿರಲಿಲ್ಲ. ಯಾವ ಪ್ರೋಗ್ರಾಂ ಹೊರಗೆ ಏನು ಕಳಿಸುತ್ತಿದೆ ಅಂತ ನಮಗೆ ಗೊತ್ತಾಗಬೇಕಲ್ವಾ? ವಿಂಡೋಸ್ ಫೈರ್‌ವಾಲ್ ಬಾಯೇ ಬಿಡುವುದಿಲ್ಲ.

ದುರ್ಗದ ಸರ್ವೀಸ್ ಅಣ್ಣ:

ಆಗ ಬೇಕಿತ್ತು ಸರ್. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇದ್ದರೂ ಮೊದಲು ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅನ್ನುವ ವೈರಸ್ ಬಂದು ಯಾರೂ ಏನೂ ಒತ್ತದಿದ್ದರೂ ಮಷಿನ್‌ಗಳು ತಾವೇ ರೀಸ್ಟಾರ್ಟ್ ಆಗತೊಡಗಿದವು. ಮುಂದಿನ ವರ್ಷ ಸರ್ವೀಸ್ ಪ್ಯಾಕ್ 2ರಲ್ಲಿ ಅದನ್ನು ಆನ್ ಮಾಡಿಯೇ ಕೊಟ್ಟರು. ವಿಂಡೋಸ್ ವಿಸ್ಟಾದಿಂದ ಈಚೆಗೆ ಹೊರಗೆ ಹೋಗುವುದನ್ನೂ ತಡೆಯುವ ಶಕ್ತಿ ಅದಕ್ಕಿದೆ, ಆದರೆ ನಾವು ಹೇಳಿದರೆ ಮಾತ್ರ. ಹೇಳದಿದ್ದರೆ ಒಳಗೆ ಬರುವುದನ್ನು ತಡೆಯುತ್ತದೆ, ಹೋಗುವುದನ್ನು ಬಿಡುತ್ತದೆ.

ನಿಮಗೆ ಹೋಗುವುದನ್ನು ಹಿಡಿಯಲೇಬೇಕು ಅಂದರೆ ಟೈನಿವಾಲ್ ಹಾಕಿ. ವಿಂಡೋಸ್‌ನ ಫಿಲ್ಟರನ್ನೇ ಬಳಸಿಕೊಳ್ಳುತ್ತದೆ, ತೀರಾ ಹಗುರ, ಪಾಪ್‌ಅಪ್ ಕಾಟವಿಲ್ಲ. ನೀವು ಒಪ್ಪಿದ ಪ್ರೋಗ್ರಾಂ ಮಾತ್ರ ಹೊರಗೆ ಹೋಗುತ್ತದೆ. ಬರೀ ನೋಡುವುದಕ್ಕೆ ಗ್ಲಾಸ್‌ವೈರ್ ಚೆನ್ನಾಗಿದೆ.

ಅಕ್ಕನಿಗೆ ಇದು ಬೇಡ ಅನ್ನುತ್ತೇನೆ. ಟ್ಯಾಲಿ ಲೈಸೆನ್ಸ್ ಕೇಳುವಾಗ ತಡೆದರೆ, ಡಿಜಿಟಲ್ ಸಿಗ್ನೇಚರ್‌ನ ಸಾಫ್ಟ್‌ವೇರ್ ತಡೆದರೆ, 20ನೇ ತಾರೀಖಿನ ದಿನ ಯಾಕೆ ನಿಂತಿತು ಅಂತ ಹುಡುಕುವವರು ಯಾರು? ಪ್ರತಿ ಸಲ ಕೇಳುವ ಫೈರ್‌ವಾಲ್‌ಗೆ ಜನ ಕೊನೆಗೆ ಎಲ್ಲದಕ್ಕೂ ಯೆಸ್ ಒತ್ತುತ್ತಾರೆ. ಅಡ್ಮಿನ್ ಅಧಿಕಾರ ಸಿಕ್ಕ ವೈರಸ್ ಫೈರ್‌ವಾಲ್ ರೂಲನ್ನೇ ತಿದ್ದಿಬಿಡಬಲ್ಲದು.

ಅಕ್ಕ, ನೀವು ಮಾಡಬೇಕಾದ್ದು ಕಡಿಮೆ. ವಿಂಡೋಸ್ ಫೈರ್‌ವಾಲ್ ಆನ್ ಇರಲಿ. ನೆಟ್‌ವರ್ಕ್ ಪ್ರಾಪರ್ಟೀಸ್‌ನಲ್ಲಿ ಪಬ್ಲಿಕ್ ಅಂತ ಇಡಿ, ಮನೆಯ ವೈಫೈ ಆದರೂ ಸರಿ. ಬೇರೆ ಲ್ಯಾಪ್‌ಟಾಪ್ ಜೊತೆ ಟ್ಯಾಲಿಯನ್ನೋ ಪ್ರಿಂಟರನ್ನೋ ಹಂಚಿಕೊಳ್ಳುವುದಿದ್ದರೆ ಮಾತ್ರ ಪ್ರೈವೇಟ್. ಯಾವುದಾದರೂ ಪ್ರೋಗ್ರಾಂಗೆ ಅಲೋ ಮಾಡಲಾ ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ ನೋಡಿ. ಅದು ಕೇಳುವುದು ಹೊರಗಿನವರು ಒಳಗೆ ಬರಲು. ಕ್ಯಾನ್ಸಲ್ ಮಾಡಿದರೂ ಪ್ರೋಗ್ರಾಂ ಸಾಮಾನ್ಯವಾಗಿ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಕೇಬಲ್‌ನವರು ಕೊಟ್ಟ ರೂಟರ್‌ಗೆ ಅಡ್ಮಿನ್ ಅಂತಲೇ ಪಾಸ್‌ವರ್ಡ್ ಇದ್ದರೆ ಬದಲಾಯಿಸಿ. ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್ ಒಳಗೆ ಹೋಗುವ ಪಾಸ್‌ವರ್ಡ್.

ಹರಿಹರದ ಲ್ಯಾಬ್ ಮೇಷ್ಟ್ರು:

ಸರ್ವೀಸ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊಸ ವಿಂಡೋಸ್ ಹಾಕಿದ ಮೇಲೆ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಇನ್ನೊಂದು ಖಾತೆ ಮಾಡಿಕೊಳ್ಳಿ ಮೇಡಂ. ಮಗ ಬಂದಾಗ ಅವನಿಗೂ ಅಂಥದ್ದೇ ಕೊಡಿ. ಪಾಸ್‌ವರ್ಡ್ ಕೇಳದೆ ಹೆಚ್ಚಿನವು ಇನ್‌ಸ್ಟಾಲ್ ಆಗುವುದಿಲ್ಲ. ಟ್ಯಾಲಿ ಡೇಟಾ ಫೋಲ್ಡರ್‌ಗೆ ಡಿಫೆಂಡರ್‌ನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ. ರ‍್ಯಾನ್‌ಸಮ್‌ವೇರ್ ಬಂದರೂ ಆ ಫೋಲ್ಡರಿನೊಳಗೆ ಕೈ ಹಾಕಲು ಕಷ್ಟ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು. ಅದು ತಾನಾಗಿ ಆನ್ ಇರುವುದಿಲ್ಲ.

ನಿಟ್ಟುವಳ್ಳಿ ಲೆಕ್ಕದಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಬೇರೆ ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿಸಿದೆ, ವಿಂಡೋಸ್ ಬಿಲ್ ಸಮೇತ. ರ‍್ಯಾಮ್ ಸಿಗಲಿಲ್ಲ, ಆಮೇಲೆ ನೋಡುತ್ತೇನೆ. ಆನ್ ಮಾಡಿ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ರೆಡಿ ಇರುತ್ತದೆ. ಡಿಫೆಂಡರ್ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುತ್ತಿಲ್ಲ. ಹುಡುಗ ಹೇಳಿದ ಐಕಾರ್ ಹಾಕಿ ನೋಡಿದೆ, ಗಬಕ್ಕನೆ ಹಿಡಿಯಿತು.

ಎರಡು ಸಣ್ಣ ಪ್ರಶ್ನೆ. ಮೇಷ್ಟ್ರು ಹೇಳಿದ ಫೋಲ್ಡರ್ ಆಕ್ಸೆಸ್ ಆನ್ ಮಾಡಿದ ಮೇಲೆ ನುಡಿಯಲ್ಲಿ ಬರೆದ ಸಂಘದ ಪತ್ರ ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಆಗುತ್ತಿಲ್ಲ. ಏನೋ ಬ್ಲಾಕ್ ಆಯಿತು ಅಂತ ತೋರಿಸುತ್ತದೆ. ಇನ್ನೊಂದು, ಬಿಚ್ಚಿಟ್ಟ ಹಳೇ ಹಾರ್ಡ್ ಡಿಸ್ಕ್ ಏನು ಮಾಡಲಿ?

ದುರ್ಗದ ಸರ್ವೀಸ್ ಅಣ್ಣ:

ನುಡಿಯದ್ದು ಮಾಮೂಲು. ಡಿಫೆಂಡರ್‌ಗೆ ಅದರ ಪರಿಚಯ ಇಲ್ಲ, ಅದಕ್ಕೆ ತಡೆಯುತ್ತದೆ. ರ‍್ಯಾನ್‌ಸಮ್‌ವೇರ್ ಪ್ರೊಟೆಕ್ಷನ್ ಪುಟದಲ್ಲೇ ಅಲೋ ಆನ್ ಆಪ್ ಅಂತ ಇದೆ. ಅಲ್ಲಿ ಈಚೆಗೆ ಬ್ಲಾಕ್ ಆದವುಗಳ ಪಟ್ಟಿ ತೆರೆದು ನುಡಿ ಮುಂದಿನ ಪ್ಲಸ್ ಒತ್ತಿ. ನುಡಿ ಒಂದನ್ನೇ ಒಪ್ಪಿ, ಇಡೀ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಹಾಕಬೇಡಿ. ಕೀಬೋರ್ಡ್ ಒತ್ತುವುದನ್ನು ನಡುವೆ ಹಿಡಿದು ಕನ್ನಡ ಮಾಡಿಕೊಡುವ ಸಾಫ್ಟ್‌ವೇರ್ ಅದು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಅದೇ ದಾರಿಯಲ್ಲೇ ಕೂತಿರುತ್ತದೆ. ಹಾಗಾಗಿ ನುಡಿ, ಬರಹ ಕಂಡರೆ ಕೆಲವು ಆಂಟಿವೈರಸ್ ಗುರ್ ಅನ್ನುವುದುಂಟು. ನೀವು ಸರಿಯಾದ ಜಾಗದಿಂದಲೇ ಇಳಿಸಿಕೊಂಡಿದ್ದರೆ ಹೆದರಬೇಡಿ. ಟ್ಯಾಲಿ ಡೇಟಾ ಫೋಲ್ಡರ್ ಡಾಕ್ಯುಮೆಂಟ್ಸ್ ಒಳಗಿಲ್ಲದಿದ್ದರೆ ಪ್ರೊಟೆಕ್ಟೆಡ್ ಫೋಲ್ಡರ್ಸ್‌ಗೆ ಅದನ್ನು ನೀವೇ ಸೇರಿಸಬೇಕು, ಟ್ಯಾಲಿಯನ್ನೂ ತಡೆದರೆ ಇದೇ ರೀತಿ ಒಪ್ಪಿಕೊಳ್ಳಿ.

ಹಳೇ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸ್ ತಗೊಳ್ಳಿ. ಅದರಿಂದ ಟ್ಯಾಲಿ ಡೇಟಾ, ಎಕ್ಸೆಲ್, ನುಡಿ ಪತ್ರ ಮಾತ್ರ ತೆಗೆದುಕೊಳ್ಳಿ, ಸೆಟಪ್ ಫೈಲ್ ಒಂದೂ ಬೇಡ. ಆಮೇಲೆ ಪೂರ್ತಿ ಫಾರ್ಮ್ಯಾಟ್ ಹೊಡೆದು ಬ್ಯಾಕಪ್‌ಗೆ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಚುಚ್ಚಿ, ಕಾಪಿ ಆದ ಮೇಲೆ ಬಿಚ್ಚಿ ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ರ‍್ಯಾನ್‌ಸಮ್‌ವೇರ್ ಬ್ಯಾಕಪ್ಪನ್ನೂ ತಿನ್ನುತ್ತದೆ. ಅದು ಹಳೇ ಡಿಸ್ಕ್, ಇವತ್ತೋ ನಾಳೆಯೋ ಕೈಕೊಡುತ್ತದೆ, ಆದ್ದರಿಂದ ಇನ್ನೊಂದು ಕಾಪಿ ಬೇರೆ ಪೆನ್‌ಡ್ರೈವ್‌ನಲ್ಲೂ ಇರಲಿ. ಗಿರಾಕಿ ಕೇಳಿದರೆ ಆ ಪೆನ್‌ಡ್ರೈವ್ ಮಾತ್ರ ಕೊಡಬೇಡಿ.